ಅರಕಾನಿನಲ್ಲಿ ನಡೆದುದಕ್ಕೆ ಹೆಸರೇನು?

(ಹಲಸೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ವಿಷಯ ಕೇಳಿ ನಮ್ಮವರಲ್ಲೇ ಕೆಲವರು ಮುಖ ಸಿಂಡರಿಸಿದರೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಮುಚ್ಚಿದ ಗಿರಣಿಯ ಬಾಕಿ ಹಣಕ್ಕಾಗಿ ಕೋರ್ಟು ಕಚೇರಿ ಅಲೆದು ಕೂದಲು ನರೆತವರು ಇಲ್ಲಿ ಕುಳಿತಿದ್ದಾರೆ. ದೊಡ್ಡ ಮಳಿಗೆಗಳ ಪೈಪೋಟಿಯಲ್ಲಿ ದಿನದ ವ್ಯಾಪಾರ ಅರ್ಧಕ್ಕಿಳಿದ ಅಂಗಡಿಯವರಿದ್ದಾರೆ. ಇಂಥವರನ್ನು ಕರೆದು ಬರ್ಮಾ ದೇಶದ ರೋಹಿಂಗ್ಯರ ಮಾತೆತ್ತುವುದೇ? ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ನೋಡುವುದೇಕೆ ಎಂದು ಒಬ್ಬ ಹಳೆಯ ಸಂಗಾತಿ ನಮ್ಮನ್ನು ನೇರವಾಗಿಯೇ ಕೇಳಿದರು. ಅವರು ಮುಂದಿನ ಸಾಲಿನಲ್ಲೇ ಇದ್ದಾರೆ. ಪಕ್ಕದ ಎಲೆಯಲ್ಲಿ ಬಿದ್ದಿರುವುದು ನೊಣವಲ್ಲ ಸ್ವಾಮಿ, ಅದನ್ನು ತೋರಿಸಲೆಂದೇ ಈ ಸಭೆ.

ನಡೆದದ್ದೇನು? ಬರ್ಮಾದ, ಈಗ ಮ್ಯಾನ್ಮಾರ್ ಎನ್ನುವ ದೇಶದ, ಪಶ್ಚಿಮ ಕರಾವಳಿಯೇ ಅರಕಾನ್. ಇಂದಿನ ರಖೈನ್ ಪ್ರಾಂತ. 2017ರ ಆಗಸ್ಟ್ 25ರಂದು ಅಲ್ಲಿ ರೋಹಿಂಗ್ಯರ ಒಂದು ಸಶಸ್ತ್ರ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ಬಿದ್ದು ಹನ್ನೆರಡು ಮಂದಿ ಕಾವಲುಪಡೆಯವರನ್ನು ಕೊಂದಿತು. ಅದೇ ಗುಂಪು ಖಾ ಮೌಂಗ್ ಸೇಕ್ ಎಂಬಲ್ಲಿ ಹಿಂದೂ ಹಳ್ಳಿಗರನ್ನು ಹೆಂಗಸು ಮಕ್ಕಳೆನ್ನದೆ ಕಡಿದು ಹಾಕಿತೆಂದು 2018ರಲ್ಲಿ ಆಮ್ನೆಸ್ಟಿ ಸಂಸ್ಥೆ ವರದಿ ಮಾಡಿತು. ಇದನ್ನು ಮುಚ್ಚಿಟ್ಟು ಮಾತಾಡುವುದು ನಮಗೆ ಬೇಕಿಲ್ಲ. ಅದು ಕಗ್ಗೊಲೆ, ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಬರ್ಮಾ ಸೈನ್ಯ ಮಾಡಿದ್ದು ಆ ಗುಂಪನ್ನು ಹಿಡಿಯುವ ಕೆಲಸವಲ್ಲ. ಹಳ್ಳಿ ಹಳ್ಳಿಗೆ ಬೆಂಕಿಯಿಟ್ಟರು. ತುಲಾ ತೋಲಿಯಲ್ಲಿ ಹೊಳೆಯ ದಂಡೆಗೆ ಅಟ್ಟಿ ಕೊಂದರು. ಇನ್ ದಿನ್ ಹಳ್ಳಿಯಲ್ಲಿ ಹತ್ತು ಮಂದಿ ಗಂಡಸರನ್ನು ಸಾಲಾಗಿ ಮಂಡಿಯೂರಿಸಿ, ಕೊಂದು, ಒಂದೇ ಗುಂಡಿಗೆ ತಳ್ಳಿದರು. ಈ ಸಂಗತಿಯನ್ನು ಬಯಲಿಗೆಳೆದ ರಾಯ್ಟರ್ ಸಂಸ್ಥೆಯ ಇಬ್ಬರು ಪತ್ರಕರ್ತರು, ಅವರೂ ಬರ್ಮೀಯರೇ, ಐನೂರಕ್ಕೂ ಹೆಚ್ಚು ದಿನ ಸೆರೆಯಲ್ಲಿ ಕೊಳೆತರು. ಮೊದಲ ಒಂದು ತಿಂಗಳಲ್ಲೇ ಕಡಿಮೆಯೆಂದರೂ 6,700 ಮಂದಿ ಹತರಾದರೆಂದು ಶಿಬಿರಗಳಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರ ಸಂಸ್ಥೆ ಲೆಕ್ಕ ಹಾಕಿತು. ಅವರಲ್ಲಿ 730 ಮಂದಿಯಾದರೂ ಐದು ವರ್ಷ ತುಂಬದ ಕೂಸುಗಳು. ಏಳು ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಓಡಿದರು.

ಇದು ಆ ವರ್ಷದ ಕಥೆ ಮಾತ್ರ. 1978ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಓಡಿದ್ದರು. 1991-92ರಲ್ಲಿ ಎರಡೂವರೆ ಲಕ್ಷ. 2012ರ ಗಲಭೆಯ ಮೇಲೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸಿತ್ವೆ ಪಟ್ಟಣದ ಹೊರಗೆ ಶಿಬಿರಗಳಲ್ಲಿ ಕೂಡಿಹಾಕಿದರು. ಮದುವೆಯಾಗಲು ಪರವಾನಗಿ ಬೇಕು, ಪಕ್ಕದ ಊರಿಗೆ ಹೋಗಲು ಪರವಾನಗಿ ಬೇಕು. ಕೆಲವು ತಾಲ್ಲೂಕುಗಳಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳನ್ನು ಹೆರುವಂತಿಲ್ಲ. 2015ರಲ್ಲಿ ಓಟಿನ ಹಕ್ಕೂ ಹೋಯಿತು. ಈಚೆಗೆ, 2024ರ ಆಗಸ್ಟ್‌ನಲ್ಲಿ, ಅದೇ ನಾಫ್ ನದಿಯ ದಂಡೆಯಲ್ಲಿ ದೋಣಿಗೆ ಕಾದು ನಿಂತಿದ್ದವರ ಮೇಲೆ ಡ್ರೋನುಗಳಿಂದ ಬಾಂಬು ಬಿತ್ತು. ಈ ಬಾರಿ ಬೊಟ್ಟು ತೋರಿದ್ದು ಸೈನ್ಯದ ಕಡೆಗಲ್ಲ, ಸೈನ್ಯದ ವಿರುದ್ಧ ಕಾದುತ್ತಿರುವ ಅರಕಾನ್ ಸೇನೆಯ ಕಡೆಗೆ, ಅವರು ಅಲ್ಲಗಳೆದಿದ್ದಾರೆ. ಹುಲಿಯ ಬಾಯಿಂದ ತಪ್ಪಿಸಿಕೊಂಡವನಿಗೆ ತೋಳ ಕಾದಿತ್ತು.

ಇಲ್ಲಿಂದ ಈ ಜನ ಎಷ್ಟು ದೂರ? ಟ್ಯಾನರಿ ರಸ್ತೆ ಹಿಡಿದು ನಾಗವಾರ ದಾಟಿ ಥಣಿಸಂದ್ರದ ಕಡೆ ಹೋಗಿ ನೋಡಿ. ತಗಡು, ಫ್ಲೆಕ್ಸು, ಹರಕು ಟಾರ್ಪಾಲು ಹೊದಿಸಿದ ಜೋಪಡಿಗಳಿವೆ. ಮುಂದೆ ಚೀಲಗಳ ಗುಡ್ಡ. ನಮ್ಮ ನಿಮ್ಮ ಮನೆಗಳ ಕಸ ಅಲ್ಲಿಗೆ ಬರುತ್ತದೆ. ಹಾಲಿನ ಕವರು ಬೇರೆ, ನೀರಿನ ಬಾಟಲಿ ಬೇರೆ, ರಟ್ಟು ಬೇರೆ, ಕಬ್ಬಿಣ ಬೇರೆ ಎಂದು ಆರಿಸುವ ಕೈಗಳಲ್ಲಿ ರೋಹಿಂಗ್ಯರ ಕೈಯೂ ಇದೆ. ಆರಿಸಿದ ಮಾಲು ಗುಜರಿಗೆ ಹೋಗುತ್ತದೆ. ಶಿವಾಜಿನಗರದ ಗುಜರಿ ವ್ಯಾಪಾರಿಗಳು ಈ ಸಭೆಯಲ್ಲಿದ್ದಾರೆ. ತಕ್ಕಡಿಯ ಆ ತುದಿಯಲ್ಲಿ ಯಾರಿದ್ದಾರೆಂದು ಅವರಿಗೆ ನಾವು ಹೇಳಬೇಕಾಗಿಲ್ಲ.

ನಾವು ಹೋದ ದಿನ ಒಬ್ಬ ಮುದುಕರು ಪ್ಲಾಸ್ಟಿಕ್ ಕವರಿನೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ತೋರಿಸಿದರು. ಅವರ ತಂದೆಗೆ ಬರ್ಮಾ ಸರ್ಕಾರವೇ ಕೊಟ್ಟಿದ್ದ ಗುರುತಿನ ಚೀಟಿಯ ನಕಲು. "ಮನೆ ಸುಟ್ಟಿತು ಅಣ್ಣಾ, ಇದು ಉಳಿಯಿತು" ಎಂದರು, ಅರ್ಧ ಉರ್ದು ಅರ್ಧ ಕನ್ನಡದಲ್ಲಿ. ಅದನ್ನು ಯಾರಿಗೆ ತೋರಿಸುತ್ತೀರಿ ಎಂದೆವು. ಕೇಳಿದವರಿಗೆ ತೋರಿಸುತ್ತೇನೆ, ಯಾರೂ ಕೇಳಿಲ್ಲ, ಎಂದು ಮತ್ತೆ ಮಡಿಸಿ ಇಟ್ಟುಕೊಂಡರು.

ರೋಹಿಂಗ್ಯ ಎಂಬ ಜನವೇ ಇಲ್ಲ, ಅವರು ಈಚೆಗೆ ನುಸುಳಿದ ಬಂಗಾಳಿಗಳು, ಆ ಹೆಸರೇ ಮೊನ್ನೆ ಮೊನ್ನೆ ಹುಟ್ಟಿದ್ದು, ಎಂದು ಬರ್ಮಾ ಸರ್ಕಾರ ಹೇಳುತ್ತದೆ. ಇದಕ್ಕೆ ಒಬ್ಬ ಸಾಕ್ಷಿಯನ್ನು ಕರೆಯುತ್ತೇವೆ. ಈ ಸಾಕ್ಷಿ ಬೆಂಗಳೂರಿಗೆ ಹೊಸಬನಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಬೆಂಗಳೂರು ಪೇಟೆಯ ನೇಕಾರರು ಏನು ನೇಯುತ್ತಿದ್ದರು, ಸಂತೆಗೆ ಯಾವ ಮಾಲು ಎಲ್ಲಿಂದ ಬರುತ್ತಿತ್ತು ಎಂಬುದನ್ನೆಲ್ಲ ಬರೆದಿಟ್ಟ. ನಮ್ಮ ನಾಡಿನ ಆ ಕಾಲದ ಚರಿತ್ರೆ ಬರೆಯುವವರು ಇವತ್ತಿಗೂ ಅವನ ಪುಸ್ತಕ ಬಿಚ್ಚದೆ ಮುಂದೆ ಹೋಗುವಂತಿಲ್ಲ. ಇದೇ ಬುಕಾನನ್ ಅದಕ್ಕೆ ಮುಂಚೆ ಬರ್ಮಾಕ್ಕೆ ಹೋಗಿದ್ದ. ಅಲ್ಲಿನ ಭಾಷೆಗಳ ಮೇಲೆ 1799ರಲ್ಲಿ ಅಚ್ಚಾದ ಅವನ ಲೇಖನದಲ್ಲಿ, ಅರಕಾನಿನಲ್ಲಿ ಬಹುಕಾಲದಿಂದ ನೆಲೆಸಿದ ಮುಸಲ್ಮಾನರು ತಮ್ಮನ್ನು "ರೂಯಿಂಗ" ಎಂದು ಕರೆದುಕೊಳ್ಳುತ್ತಾರೆಂಬ ಮಾತಿದೆ. ನಮ್ಮ ನೇಕಾರರ ಬಗ್ಗೆ ಅವನ ಸಾಕ್ಷ್ಯ ನಂಬತಕ್ಕದ್ದಾದರೆ ಅವರ ಬಗ್ಗೆ ಬರೆದದ್ದು ಸುಳ್ಳಾಗುವುದು ಹೇಗೆ?

ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಂಡಿನ ನೆಲೆ ಇದೆ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಅಲ್ಲಿ ಗುದ್ದಲಿ ಹಿಡಿದವರು. ಆ ದಂಡಿನ ಯುದ್ಧ ಗೌರವಗಳ ಪಟ್ಟಿಯಲ್ಲಿ "ಆವಾ" ಎಂಬ ಹೆಸರುಂಟು. ಆವಾ ಎಂದರೆ ಹಳೆಯ ಬರ್ಮಾ ರಾಜಧಾನಿ. 1824ರಿಂದ 1826ರವರೆಗೆ ಕಂಪನಿ ಸರ್ಕಾರ ಬರ್ಮಾ ರಾಜನ ಮೇಲೆ ಮಾಡಿದ ಯುದ್ಧದ ನೆನಪು ಅದು. ಆ ಯುದ್ಧದಲ್ಲೇ ಅರಕಾನ್ ಇಂಗ್ಲಿಷರ ಕೈಸೇರಿತು. ಬರ್ಮಾದ 1982ರ ಪೌರತ್ವ ಕಾನೂನು ಗೆರೆ ಎಳೆದಿರುವುದೂ ಇದೇ ಜಾಗದಲ್ಲಿ. ಯುದ್ಧದ ಹಿಂದಿನ ವರ್ಷ 1823. ಅದಕ್ಕೆ ಮುಂಚೆ ನೆಲೆಸಿದ ಜನಾಂಗಗಳೇ ಹುಟ್ಟಿನಿಂದ ಪೂರ್ಣ ಪೌರರು. ಯಾವುದು ಅಂಥ ಜನಾಂಗ ಎಂದು ತೀರ್ಮಾನಿಸುವುದು ಸರ್ಕಾರ. ಸರ್ಕಾರ ಒಪ್ಪಿದ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯರಿಲ್ಲ. ಕೆಳದರ್ಜೆಯ ಪೌರತ್ವ ಬೇಕಾದರೂ ಅಜ್ಜ ಮುತ್ತಜ್ಜಂದಿರ ಕಾಗದ ತರಬೇಕು. ಮನೆಯನ್ನೇ ಸುಟ್ಟಮೇಲೆ ಕಾಗದ ಎಲ್ಲಿಂದ?

ನಮಗೇ ಈ ಕಾನೂನು ಬಂದರೆ ಹೇಗಿರುತ್ತದೆ ನೋಡೋಣ. ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಕಂಟೋನ್ಮೆಂಟ್ ಕಟ್ಟಿದ್ದು 1809ರಲ್ಲಿ. ದಂಡಿನ ಹಿಂದೆ ತಮಿಳು ಸೀಮೆಯಿಂದ ಕೂಲಿಗಳು, ಗಾರೆ ಕೆಲಸದವರು, ಬಾಣಸಿಗರು, ವ್ಯಾಪಾರಿಗಳು ಬಂದರು. ಉರ್ದು ಮಾತಿನವರು, ತೆಲುಗು ಮಾತಿನವರು ಬಂದರು. ಈಗಿನ ಶಿವಾಜಿನಗರ, ಅಂದರೆ ಹಳೆಯ ಬ್ಲ್ಯಾಕ್‌ಪಲ್ಲಿ, ಬೆಳೆದದ್ದು ಹೀಗೆ. ನಾಳೆ ಬೆಳಿಗ್ಗೆ ಯಾವನೋ ಅಧಿಕಾರಿ ರಸೆಲ್ ಮಾರ್ಕೆಟ್ಟಿನ ಬಾಗಿಲಲ್ಲಿ ಮೇಜು ಹಾಕಿಕೊಂಡು, 1808ಕ್ಕೆ ಮುಂಚೆ ನಿಮ್ಮ ಕುಲ ಇಲ್ಲಿತ್ತೆಂದು ತೋರಿಸಿ, ಇಲ್ಲವಾದರೆ ನೀವು ಈ ದೇಶದವರಲ್ಲ, ಎಂದರೆ? ಎಷ್ಟು ಮನೆಯಲ್ಲಿದೆ ಆ ಕಾಗದ? ಕಾಗದವಿರಲಿ, ಮೂರು ತಲೆಮಾರಿನ ಹಿಂದಿನವರ ಹೆಸರು ತಡವರಿಸದೆ ಹೇಳಬಲ್ಲವರು ಎಷ್ಟು ಜನ?

ಇನ್ನು ಹೆಸರಿನ ವಿಷಯ. ಸತ್ತವರು ಸತ್ತರು, ಅದನ್ನು ಕಗ್ಗೊಲೆ ಎಂದರೇನು, ಜನಾಂಗಹತ್ಯೆ ಎಂದರೇನು, ಎಂದು ಕೇಳುವವರುಂಟು. ಗಿರಣಿಯಲ್ಲಿ ದುಡಿದವರು ಈ ಪ್ರಶ್ನೆ ಕೇಳಲಾರರು. ಮಾಲೀಕ ಕೆಲಸ ನಿಲ್ಲಿಸಿದಾಗ ಅದನ್ನು ಲೇ-ಆಫ್ ಎಂದರೆ ನಿಮ್ಮ ಕೈಗೆ ಬರುವುದೊಂದು, ರಿಟ್ರೆಂಚ್‌ಮೆಂಟ್ ಎಂದರೆ ಇನ್ನೊಂದು, ನೀವೇ ಬಿಟ್ಟು ಹೋದಿರಿ ಎಂದು ಬರೆದರೆ ಮತ್ತೊಂದು. ಗೇಟಿಗೆ ಬಿದ್ದ ಬೀಗ ಅದೇ. ಹೆಸರು ಬದಲಾದರೆ ಯಾರು ಹೊಣೆ, ಎಷ್ಟು ಹೊಣೆ ಎಂಬುದು ಬದಲಾಗುತ್ತದೆ. ಆ ಒಂದು ಶಬ್ದಕ್ಕಾಗಿ ನಮ್ಮ ಸಂಘಗಳು ಲೇಬರ್ ಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿಲ್ಲವೇ?

ಇದೂ ಹಾಗೆಯೇ. ಹಿಟ್ಲರನು ಯೆಹೂದ್ಯರಿಗೆ ಮಾಡಿದ್ದನ್ನು ಕಂಡಮೇಲೆ ಲೋಕದ ಸರ್ಕಾರಗಳು 1948ರ ಡಿಸೆಂಬರ್ 9ರಂದು ಒಂದು ಒಡಂಬಡಿಕೆ ಮಾಡಿಕೊಂಡವು. ಒಂದು ಜನಾಂಗವನ್ನು, ಧರ್ಮದವರನ್ನು, ಪೂರ್ತಿಯಾಗಿಯೋ ಭಾಗಶಃವಾಗಿಯೋ ಇಲ್ಲವಾಗಿಸುವ ಉದ್ದೇಶದಿಂದ ಕೊಲ್ಲುವುದು ಮಾತ್ರವಲ್ಲ, ಘೋರವಾಗಿ ಹಿಂಸಿಸುವುದು, ಬದುಕಲಾರದಂಥ ಸ್ಥಿತಿಗೆ ತಳ್ಳುವುದು, ಹೆರಿಗೆ ತಡೆಯುವುದು, ಮಕ್ಕಳನ್ನು ಕಿತ್ತು ಬೇರೆಯವರಿಗೆ ಕೊಡುವುದು ಇವೆಲ್ಲ ಜನಾಂಗಹತ್ಯೆ ಎಂದು ಅಲ್ಲಿ ಬರೆದರು. ಉದ್ದೇಶ ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಅದನ್ನು ರುಜುವಾತು ಮಾಡುವುದು ಕಷ್ಟ. ಕಷ್ಟವಾಗಿರುವುದೂ ಸರಿಯೇ, ಇಷ್ಟು ದೊಡ್ಡ ಆಪಾದನೆಯನ್ನು ಬಾಯಿಗೆ ಬಂದಂತೆ ಹೊರಿಸಲಾಗದು. ಆದರೆ ಒಡಂಬಡಿಕೆಗೆ ಸಹಿ ಹಾಕಿದವರು ಕೊಂದವನನ್ನು ಶಿಕ್ಷಿಸುವುದಷ್ಟೇ ಅಲ್ಲ, ಕೊಲ್ಲದಂತೆ ತಡೆಯಲೂ ಬದ್ಧರು. ಅಪಾಯ ತಿಳಿದ ಕ್ಷಣದಿಂದಲೇ ತಡೆಯುವ ಹೊಣೆ ಶುರುವಾಗುತ್ತದೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಬಾಸ್ನಿಯಾದ ದಾವೆಯಲ್ಲಿ 2007ರಲ್ಲಿ ತೀರ್ಪು ಕೊಟ್ಟಿದೆ. ಆ ಶಬ್ದವನ್ನು ಉಚ್ಚರಿಸಲು ಸರ್ಕಾರಗಳು ಅಂಜುವುದು ಇದಕ್ಕೇ. ಉಚ್ಚರಿಸಿದರೆ ಏನಾದರೂ ಮಾಡಬೇಕಾಗುತ್ತದೆ.

ಭಾರತ ಈ ಒಡಂಬಡಿಕೆಯನ್ನು 1959ರ ಆಗಸ್ಟ್ 27ರಂದು ಸ್ಥಿರೀಕರಿಸಿತು. ಬರ್ಮಾ ಅದಕ್ಕೂ ಮುಂಚೆ, 1956ರಲ್ಲಿ. ಎರಡು ದೇಶಗಳೂ ಕೊಟ್ಟ ಮಾತಿದು.

ಮಾತು ಉಳಿಸಿಕೊಳ್ಳಲು ಎದ್ದು ನಿಂತವರು ಯಾರು ಗೊತ್ತೇ? ಪಶ್ಚಿಮ ಆಫ್ರಿಕದ ಗಾಂಬಿಯ. ನಮ್ಮ ಚಳ್ಳಕೆರೆಯ ಕಡೆಯವರಂತೆ ಕಡಲೆಕಾಯಿ ಬೆಳೆದು ಬದುಕುವ, ಒಟ್ಟು ಜನ ಸೇರಿದರೂ ಬೆಂಗಳೂರಿನ ಒಂದು ಮೂಲೆ ತುಂಬದ ಬಡ ದೇಶ. ಅದರ ನ್ಯಾಯಮಂತ್ರಿಯಾಗಿದ್ದ ಅಬುಬಕರ್ ತಂಬಾದು ಹಿಂದೆ ರುವಾಂಡದ ಹತ್ಯಾಕಾಂಡದ ನ್ಯಾಯಮಂಡಲಿಯಲ್ಲಿ ಕೆಲಸ ಮಾಡಿದ್ದ ವಕೀಲ. 2018ರಲ್ಲಿ ಬಾಂಗ್ಲಾದ ಶಿಬಿರಗಳಿಗೆ ಹೋದಾಗ ರುವಾಂಡದ್ದೇ ವಾಸನೆ ಅವರಿಗೆ ಬಡಿಯಿತು. 2019ರ ನವೆಂಬರ್ 11ರಂದು ಗಾಂಬಿಯ ಬರ್ಮಾದ ಮೇಲೆ ದಾವೆ ಹೂಡಿತು. 2020ರ ಜನವರಿ 23ರಂದು ನ್ಯಾಯಾಲಯ, ರೋಹಿಂಗ್ಯರನ್ನು ರಕ್ಷಿಸಿ, ಸಾಕ್ಷ್ಯ ನಾಶಮಾಡಬೇಡಿ ಎಂದು ಬರ್ಮಾಕ್ಕೆ ಆಜ್ಞೆ ಮಾಡಿತು. ಹದಿನೇಳು ನ್ಯಾಯಾಧೀಶರಲ್ಲಿ ಒಬ್ಬರೂ ಭಿನ್ನಮತ ಹೇಳಲಿಲ್ಲ. ಬರ್ಮಾವೇ ನೇಮಿಸಿದ್ದ ನ್ಯಾಯಾಧೀಶರು ಆ ಪೀಠದಲ್ಲಿದ್ದರು, ನಮ್ಮ ದೇಶದ ದಲ್ವೀರ್ ಭಂಡಾರಿಯವರೂ ಇದ್ದರು. ಈ ದಾವೆ ನಿಲ್ಲುವುದೇ ಇಲ್ಲವೆಂಬ ಬರ್ಮಾದ ತಕರಾರನ್ನು 2022ರ ಜುಲೈಯಲ್ಲಿ ತಳ್ಳಿಹಾಕಿದರು. 2026ರ ಜನವರಿಯಲ್ಲಿ ಮೂಲ ದಾವೆಯ ವಾದ ಕೇಳಿದರು. ಇಷ್ಟರಲ್ಲಿ ಕೆನಡಾದ ಪಾರ್ಲಿಮೆಂಟು 2018ರ ಸೆಪ್ಟೆಂಬರಿನಲ್ಲಿ, ಅಮೆರಿಕ ಸರ್ಕಾರ 2022ರ ಮಾರ್ಚ್ 21ರಂದು, ಇದು ಜನಾಂಗಹತ್ಯೆಯೇ ಎಂದು ಸಾರಿದವು. ಅಮೆರಿಕದ ಬಾಯಲ್ಲಿ ಧರ್ಮದ ಮಾತು ಕೇಳಿ ನೀವು ನಕ್ಕರೆ ನಾವು ತಡೆಯುವುದಿಲ್ಲ. ತಮಗೆ ಬೇಕಾದ ಕಡೆ ಕಣ್ಣು ತೆರೆದು ಬೇಡವಾದ ಕಡೆ ಮುಚ್ಚುವುದು ಅವರ ಹಳೆಯ ಚಾಳಿ. ಆದರೆ ಕಳ್ಳನೂ ಒಮ್ಮೊಮ್ಮೆ ಗಂಟೆ ಎಷ್ಟೆಂದು ಸರಿಯಾಗಿಯೇ ಹೇಳುತ್ತಾನೆ.

ನಮ್ಮ ಸರ್ಕಾರ? ಬೆಂಕಿ ಇನ್ನೂ ಆರದಿದ್ದ 2017ರ ಸೆಪ್ಟೆಂಬರ್ ಮೊದಲ ವಾರದಲ್ಲೇ ನಮ್ಮ ಪ್ರಧಾನಿಗಳು ಬರ್ಮಾಕ್ಕೆ ಹೋಗಿದ್ದರು. ಉಗ್ರರ ಹಿಂಸೆಯನ್ನು ಕುರಿತು ಮಾತಾಡಿದರು. ಸೈನ್ಯ ಅಟ್ಟಿದ ಜನರ ವಿಷಯದಲ್ಲಿ ಬರ್ಮಾವನ್ನು ಬಹಿರಂಗವಾಗಿ ಖಂಡಿಸಲಿಲ್ಲ. ಅದೇ ವಾರ ಬಾಲಿಯಲ್ಲಿ ಸೇರಿದ್ದ ನಾನಾ ದೇಶದ ಪಾರ್ಲಿಮೆಂಟು ಸದಸ್ಯರ ಘೋಷಣೆಯಲ್ಲಿ ರಖೈನ್ ಪ್ರಾಂತದ ಹೆಸರು ಬಂದುದರಿಂದ ನಮ್ಮ ನಿಯೋಗ ಅದರಿಂದ ದೂರ ಸರಿಯಿತು. ಕಾರಣ ಗುಟ್ಟೇನಲ್ಲ. ಸಿತ್ವೆಯಲ್ಲಿ ಬಂದರು ಕಟ್ಟಿದವರು ನಾವು. 2023ರ ಮೇಯಲ್ಲಿ ಅಲ್ಲಿಗೆ ಮೊದಲ ಸರಕಿನ ಹಡಗು ಹೋಯಿತು. ಚೀನಾ ಮುಂದೆ ನುಗ್ಗೀತೆಂಬ ಭಯ ಬೇರೆ. ವಿಶ್ವಸಂಸ್ಥೆಯ ವಿಶೇಷ ವರದಿಗಾರರಾದ ಟಾಮ್ ಆಂಡ್ರೂಸ್ 2023ರಲ್ಲಿ ಕೊಟ್ಟ ಲೆಕ್ಕದಂತೆ, 2021ರ ಫೆಬ್ರವರಿಯಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೂ ಭಾರತದಿಂದ ಅದಕ್ಕೆ 5 ಕೋಟಿ 10 ಲಕ್ಷ ಡಾಲರಿನ ಆಯುಧ ಮತ್ತು ಸಾಮಗ್ರಿ ಹೋಗಿದೆ. ಮಾರಿದವರಲ್ಲಿ ಸರ್ಕಾರಿ ಒಡೆತನದ ಕಾರ್ಖಾನೆಗಳೂ ಇವೆ. ಅಂಥ ಕಾರ್ಖಾನೆಗಳಲ್ಲಿ ದುಡಿಯುವವರು ನಮ್ಮಂಥವರೇ. ತಾವು ಮಾಡಿದ ಮಾಲು ಯಾರ ಕೈಸೇರುತ್ತದೆಂದು ಕೇಳುವ ಹಕ್ಕು ಕಾರ್ಮಿಕನಿಗಿದೆ.

ನಮ್ಮ ದೇಶಕ್ಕೆ ಈ ಶಬ್ದ ಹೊಸತಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಕೊಲ್ಲಲು ಶುರುಮಾಡಿತು. ಮಾರ್ಚ್ 31ರಂದು ನಮ್ಮ ಪಾರ್ಲಿಮೆಂಟು ನಿರ್ಣಯ ಮಾಡಿತು. ಇದು ಜನಾಂಗಹತ್ಯೆಗೆ ಸಮ, ಲೋಕದ ಸರ್ಕಾರಗಳು ಇದನ್ನು ನಿಲ್ಲಿಸಬೇಕು, ಎಂದಿತು. ಆರು ದಿನ! ಯಾವ ನ್ಯಾಯಾಲಯದ ತೀರ್ಪಿಗೂ ಕಾಯಲಿಲ್ಲ, ನೆರೆ ರಾಜ್ಯದ ಆಂತರಿಕ ವಿಷಯ ಎನ್ನಲಿಲ್ಲ. ಬಂದವರಿಗೆ ಗಡಿ ತೆರೆದೆವು. ಪೂರ್ವ ಬಂಗಾಳದಿಂದ ಬಂದವರಿಗೆ ನಮ್ಮ ಸಿಂಧನೂರಿನಲ್ಲೇ ನೆಲೆ ಕೊಟ್ಟಿದ್ದೇವೆ. ಅದಕ್ಕೂ ಮುಂಚೆ ಟಿಬೆಟ್ಟಿನವರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟದ್ದು ಅಂದಿನ ಮೈಸೂರು ಸರ್ಕಾರ. ಅವರು ಅಲ್ಲಿ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಬಂದು ಸ್ವೆಟರ್ ಮಾರಿದರು. ನಾಡು ಮುಳುಗಲಿಲ್ಲ.

ಈಗಿನ ಲೆಕ್ಕ ಕೇಳಿ. ಬೆಂಗಳೂರಿನಲ್ಲಿ ಪೊಲೀಸರು ಗುರುತಿಸಿದ ರೋಹಿಂಗ್ಯರು 72 ಮಂದಿ ಎಂದು 2021ರಲ್ಲಿ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅವರನ್ನು ಸದ್ಯಕ್ಕೆ ಹೊರಗಟ್ಟುವ ಯೋಚನೆಯಿಲ್ಲ ಎಂದೂ ಹೇಳಿತ್ತು. ಗದ್ದಲವಾದೊಡನೆ ಆ ಪ್ರಮಾಣಪತ್ರ ತಿದ್ದಿ, ಕೋರ್ಟು ಹೇಳಿದಂತೆ ಮಾಡುತ್ತೇವೆ ಎಂದಿತು. ಇಡೀ ಕೋಟಿ ಜನದ ನಗರದಲ್ಲಿ ಎರಡು ಬಸ್ಸು ತುಂಬದ ಜನಕ್ಕೆ ಸರ್ಕಾರ ಬೆದರಿತು. ದಿಲ್ಲಿಯ ಸರ್ಕಾರವಂತೂ 2018ರ ಅಕ್ಟೋಬರಿನಲ್ಲಿ ಏಳು ಮಂದಿಯನ್ನು ಮಣಿಪುರದ ಮೋರೆ ಗಡಿಯಲ್ಲಿ ಬರ್ಮಾದವರ ಕೈಗೊಪ್ಪಿಸಿತು. 2025ರ ಮೇಯಲ್ಲಿ ನಲವತ್ತು ಮಂದಿಯನ್ನು ಹಡಗಿನಲ್ಲಿ ಒಯ್ದು ಬರ್ಮಾ ತೀರದ ಬಳಿ ಸಮುದ್ರಕ್ಕಿಳಿಸಿದರೆಂಬ ಆರೋಪ ಬಂದು, ವಿಶ್ವಸಂಸ್ಥೆಯ ವರದಿಗಾರರು ವಿಚಾರಣೆಗೆ ತೊಡಗಿದರು. ಯಾರು ಕೊಲ್ಲುತ್ತಾರೆಂದು ಓಡಿಬಂದರೋ ಅವರ ಕೈಗೇ ಕೊಡುವುದು ಸಾಧ್ಯವಾಗುವುದು, ಅಲ್ಲಿ ನಡೆದುದಕ್ಕೆ ಹೆಸರಿಡದೆ ಇರುವವರೆಗೆ ಮಾತ್ರ. ಹೆಸರಿಟ್ಟ ಮರುದಿನ ಯಾವ ಮುಖದಿಂದ ಒಪ್ಪಿಸುತ್ತಾರೆ?

ಇದು ಅನ್ಯರ ಪಾಡಲ್ಲವೇ ಎನ್ನುವವರಿಗೆ ಕೆ.ಆರ್. ಪುರ, ಮಹದೇವಪುರದ ಕಡೆಯವರು ಉತ್ತರ ಹೇಳಬೇಕು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ, ಇವರು ಅಕ್ರಮ ಬಾಂಗ್ಲಾದೇಶಿಗಳೆಂಬ ಕೂಗೆಬ್ಬಿಸಿ ಜೆಸಿಬಿ ನುಗ್ಗಿಸಿದರು. ನೂರಾರು ಗುಡಿಸಲು ನೆಲಸಮ. ಆಮೇಲೆ ನೋಡಿದರೆ ಅಲ್ಲಿದ್ದವರು ಅಸ್ಸಾಮಿನವರು, ತ್ರಿಪುರದವರು, ಅಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರು! ಆಧಾರ್ ಚೀಟಿ ಕೈಯಲ್ಲಿ ಹಿಡಿದು, ಮುರಿದ ತಗಡಿನ ಮೇಲೆ ನಿಂತಿದ್ದರು. ಹೈಕೋರ್ಟು ಪೊಲೀಸರನ್ನೂ ಪಾಲಿಕೆಯನ್ನೂ ತರಾಟೆಗೆ ತೆಗೆದುಕೊಂಡು, ಸೂರು ಕಳೆದುಕೊಂಡವರಿಗೆ ಪುನರ್ವಸತಿ ಮಾಡಿರೆಂದಿತು. ಅನ್ಯನೆಂಬ ಮುದ್ರೆ ಒತ್ತುವವನು ಮೊದಲು ಬಡವನ ಹಣೆ ಹುಡುಕುತ್ತಾನೆ. ಒತ್ತಿದ ಮೇಲೆ ಅವನ ಊರು ಕೇಳುತ್ತಾನೆ.

ಇಷ್ಟೆಲ್ಲ ಹೇಳಿ ನಾವು ಕೇಳುವುದು ಬಹಳವೇನಲ್ಲ. 1971ರಲ್ಲಿ ಆರು ದಿನದಲ್ಲಿ ಮಾಡಿದ್ದನ್ನು ಪಾರ್ಲಿಮೆಂಟು ಈಗಲಾದರೂ ಮಾಡಲಿ. ಅರಕಾನಿನಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ನಿರ್ಣಯಿಸಲಿ. ಹಾಗೆ ಮಾಡಿರೆಂದು ನಮ್ಮ ವಿಧಾನಸಭೆ ದಿಲ್ಲಿಗೆ ಬರೆಯಲಿ. ಬರ್ಮಾ ಸೈನ್ಯಕ್ಕೆ ಒಂದು ಬೋಲ್ಟೂ ಮಾರಬಾರದು. ಹೇಗ್ ನ್ಯಾಯಾಲಯದ ದಾವೆ ತೀರುವವರೆಗೆ ಒಬ್ಬ ರೋಹಿಂಗ್ಯನನ್ನೂ ಹಿಂದಕ್ಕೆ ಅಟ್ಟಬಾರದು. ಒಡಂಬಡಿಕೆ ಒಪ್ಪಿ ಆರು ದಶಕ ಮೀರಿದರೂ ಜನಾಂಗಹತ್ಯೆ ಎಂಬ ಅಪರಾಧ ನಮ್ಮ ದಂಡಸಂಹಿತೆಯಲ್ಲಿಲ್ಲ. 1984ರ ಸಿಖ್ಖರ ಕಗ್ಗೊಲೆಯ ಮೊಕದ್ದಮೆಯಲ್ಲಿ 2018ರ ಡಿಸೆಂಬರಿನಲ್ಲಿ ತೀರ್ಪು ಕೊಡುತ್ತಾ ದಿಲ್ಲಿ ಹೈಕೋರ್ಟೇ ಈ ಕೊರತೆಯನ್ನು ಎತ್ತಿ ಹೇಳಿದೆ. ಆ ಕಾನೂನೂ ಆಗಬೇಕು, ಅದು ಹೊರಗಿನವರಿಗಿಂತ ನಮಗೇ ಬೇಕು.

ಮುಂದಿನ ಸಾಲಿನ ಆ ಹಳೆಯ ಸಂಗಾತಿಗೆ ನಮ್ಮ ಮಾತು ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು. ಗಿರಣಿ ಮುಚ್ಚಿದಾಗ ನಮಗಾಗಿ ಯಾವ ಗಾಂಬಿಯ ಬಂದಿತ್ತು ಎಂದು ಅವರು ಮತ್ತೆ ಕೇಳಬಹುದು. ಯಾರೂ ಬರಲಿಲ್ಲ, ನಿಜ. ಬಂದಿದ್ದರೆ ಎಂಬುದನ್ನು ಅವರೂ ನಾವೂ ಆಗ ಗೇಟಿನ ಮುಂದೆ ಕೂತು ಎಷ್ಟು ರಾತ್ರಿ ಯೋಚಿಸಿದ್ದೇವೆ!

ಪಾರ್ಲಿಮೆಂಟಿಗೆ ಕಳುಹಿಸುವ ಮನವಿಯ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಕನ್ನಡದಲ್ಲೂ ಉರ್ದುವಿನಲ್ಲೂ ತಮಿಳಿನಲ್ಲೂ ಇವೆ. ಓದಿ ನೋಡಿ ಸಹಿ ಮಾಡಿ. ಓದಲು ಬಾರದವರಿಗೆ ನಮ್ಮ ಹುಡುಗರು ಓದಿ ಹೇಳುತ್ತಾರೆ, ಕೇಳಿದ ಮೇಲೆ ಮನಸ್ಸಿಗೆ ಬಂದರೆ ಹೆಬ್ಬೆಟ್ಟು ಒತ್ತಿರಿ. ಗುಜರಿಯವರು ಹತ್ತು ಹಾಳೆ ಹೆಚ್ಚಿಗೆ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿಡಬೇಕೆಂದು ಕೇಳಿಕೊಳ್ಳುತ್ತೇವೆ. ಭಾನುವಾರ ಸಂಜೆ ಬಂದು ನಾವೇ ಒಯ್ಯುತ್ತೇವೆ.